ಅಂಚುಹುಳ ನಿಂತದ್ದು

ವಿಡಿಯೊ ಗೇಮ್ ತಯಾರಿಸುವ ಆ ಕಚೇರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಚಿಕ್ಕವರಿಗೂ ದೊಡ್ಡವರಿಗೂ, ಬಾಗಿಲು ಕಾಯುವವನಿಗೂ ಅವಳು ಹುಳದಕ್ಕ. ಹೊಸದಾಗಿ ಸೇರಿದವರೊಬ್ಬರು ಒಮ್ಮೆ "ಮಾನ್ಯ ಹುಳದಕ್ಕ ಅವರಿಗೆ" ಎಂದು ಪತ್ರವನ್ನೇ ಬರೆದಿದ್ದರು. ಅವಳು ಅದನ್ನು ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕು, ಮೇಜಿನ ಗಾಜಿನ ಕೆಳಗೆ ಸೇರಿಸಿಟ್ಟಳು. ಇಪ್ಪತ್ತಾರು ವರ್ಷ ಹುಳದ ಚಿತ್ರ ಬಿಡಿಸಿದವಳನ್ನು ಹುಳದಕ್ಕ ಎನ್ನದೆ ಮಹಾರಾಣಿ ಎನ್ನಲಾಗುತ್ತದೆಯೇ?

ಆ ಕಚೇರಿಯನ್ನು ಸಾಕಿದ್ದು ಒಂದೇ ಆಟ. ಕೊಡೆ ಹಿಡಿದ ಹುಡುಗಿಯೊಬ್ಬಳು ಒಂದು ಅಟ್ಟಣೆಯಿಂದ ಇನ್ನೊಂದಕ್ಕೆ ಹಾರುತ್ತ ಓಡುತ್ತಾಳೆ. ಕೆಳಗೆ ಬೀಳಬಾರದು, ಶತ್ರುವಿಗೆ ತಾಗಬಾರದು, ಕೊನೆ ಮುಟ್ಟಬೇಕು. ಅಷ್ಟೇ ಆಟ. ಐದು ಭಾಗಗಳು ಬಂದಿದ್ದವು, ಆರನೆಯದು ತಯಾರಾಗುತ್ತಿತ್ತು. ಕೊಡೆಹುಡುಗಿಯನ್ನು ಬಿಡಿಸಿದವರು ಹೆಸರು ಮಾಡಿದರು. ಕೊನೆಯ ಕೋಟೆಯ ರಾಕ್ಷಸನನ್ನು ಬಿಡಿಸಿದವರು ಇನ್ನೂ ದೊಡ್ಡ ಹೆಸರು ಮಾಡಿ ಬೇರೆ ಕಡೆ ಹೋದರು. ಹುಳದಕ್ಕನ ಪಾಲಿಗೆ ಬಂದದ್ದು ದಾರಿಯಲ್ಲಿ ಕಾಲಿಗೆ ಅಡ್ಡ ಬರುವ ಹುಳಹುಪ್ಪಟೆ, ಅದರಲ್ಲೂ ಮುಖ್ಯವಾಗಿ ಒಂದು ಕರಿ ಜೀರುಂಡೆ. ಆಟ ಶುರುವಾಗಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಎದುರಾಗುತ್ತದೆ, ಒಂದು ತುಳಿತಕ್ಕೆ ಸಾಯುತ್ತದೆ. ಇಡೀ ಆಟದಲ್ಲಿ ಅದಕ್ಕಿಂತ ಬಡಪಾಯಿ ಶತ್ರು ಇನ್ನೊಂದಿಲ್ಲ.

ಇಂಥ ಆಟಗಳಲ್ಲಿ ಬಡಪಾಯಿ ಶತ್ರುಗಳು ಎರಡು ಬಗೆ. ಒಂದು, ಮುಂದೆ ಹಳ್ಳವಿದೆಯೋ ಇಲ್ಲವೋ ನೋಡದೆ ನಡೆದು ದೊಪ್ಪನೆ ಬೀಳುವಂಥದ್ದು. ಇನ್ನೊಂದು, ಅಂಚಿಗೆ ಬಂದ ತಕ್ಷಣ ಗೋಡೆಗೆ ಬಡಿದ ಚೆಂಡಿನ ಹಾಗೆ ತಿರುಗುವಂಥದ್ದು. ಹುಳದಕ್ಕನ ಜೀರುಂಡೆ ಎರಡೂ ಅಲ್ಲ. ಅದು ಅಂಚಿಗೆ ಬಂದು ನಿಲ್ಲುತ್ತದೆ. ಮೀಸೆ ಇಳಿಬಿಡುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ. ಆಮೇಲೆ ತಿರುಗಿ ಬಂದ ದಾರಿ ಹಿಡಿಯುತ್ತದೆ. ಆಡುವವರು ಅದಕ್ಕೆ ತಾವೇ 'ಅಂಚುಹುಳ' ಎಂದು ಹೆಸರಿಟ್ಟುಕೊಂಡಿದ್ದರು. "ಬೇರೆಯವನ್ನೆಲ್ಲ ತುಳಿಯುತ್ತೇನೆ, ಇದನ್ನು ಮಾತ್ರ ದಾಟಿ ಹೋಗುತ್ತೇನೆ. ಪಾಪ, ಅದು ಏನೋ ಯೋಚನೆ ಮಾಡುತ್ತಿರುತ್ತದೆ" ಎಂದು ಒಬ್ಬರು ಬರೆದಿದ್ದರು. ರಾಕ್ಷಸನಿಗೆ ಇಂಥದ್ದೊಂದು ಪತ್ರ ಎಂದಾದರೂ ಬಂದಿತ್ತೇ?

ಆ ಪತ್ರ ಓದಿದಾಗಲೆಲ್ಲ ಹುಳದಕ್ಕನ ಮುಖ ಬಾಡುತ್ತಿತ್ತು. ನೋಡುವವರು ಅದನ್ನು ವಿನಯ ಎಂದುಕೊಂಡರು. ವಿನಯವಲ್ಲ, ಅದು ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಅದು.

ಏಕೆಂದರೆ ಹುಳ ನಿಂತದ್ದು ತಪ್ಪಿನಿಂದ.

ಈ ಕಚೇರಿಗೆ ಬರುವ ಮೊದಲು ಅವಳು ಸ್ವೆಟರ್ ಕಾರ್ಖಾನೆಯಲ್ಲಿ ವಿನ್ಯಾಸ ಬರೆಯುತ್ತಿದ್ದಳು. ಚೌಕಳಿ ಕಾಗದದ ಮೇಲೆ ಒಂದು ಚೌಕಕ್ಕೆ ಒಂದು ಹೆಣಿಗೆ. ಕಾಗದದಲ್ಲಿ ಕಪ್ಪು ಮಾಡಿದ್ದು ಎದೆಯ ಮೇಲೆ ಹೂವಾಗುತ್ತಿತ್ತು. ಆ ಕಾಲದ ಆಟದ ಚಿತ್ರಗಳೂ ಹಾಗೆಯೇ. ಅಡ್ಡ ಹದಿನಾರು ಚೌಕ, ಉದ್ದ ಹದಿನಾರು ಚೌಕ, ಅದರೊಳಗೆ ಇಡೀ ಪ್ರಾಣಿ. ಚೌಕದಲ್ಲಿ ಕೈ ಪಳಗಿದವರು ಬೇಕು ಎಂದು ಯಜಮಾನರು ಕಾರ್ಖಾನೆಯಿಂದ ಮೂವರು ಹೆಂಗಸರನ್ನು ಒಂದು ಆಟದ ಮಟ್ಟಿಗೆ ಎಂದು ಕರೆತಂದರು. ಅವರಲ್ಲಿ ಅವಳೊಬ್ಬಳು, ಅದೂ ತುಂಬು ಗರ್ಭಿಣಿ. ಹುಳ ಕಂಡರೆ ಮಂಚ ಹತ್ತುವ ಜಾತಿಯ ಅವಳಿಗೆ ಸಿಕ್ಕಿದ್ದು ಹುಳ! ನಿಜವಾದ ಜೀರುಂಡೆಯನ್ನು ನೋಡುವ ಧೈರ್ಯ ಸಾಲದೆ ಗಂಡನ ಕೋಟಿನ ಗುಂಡಿಯೊಂದನ್ನು ಎದುರಿಗಿಟ್ಟುಕೊಂಡು, ಅದಕ್ಕೆ ಕಾಲು ಮೀಸೆ ಬರೆದಳು.

ಹಾಳೆಗೊಂದು ಚಿತ್ರದಂತೆ ಆರು ಹಾಳೆ ಕೊಡಬೇಕಿತ್ತು. ನಾಲ್ಕು ನಡೆಯುವುದಕ್ಕೆ, ಐದು ಮತ್ತು ಆರು ಅಂಚಿನಲ್ಲಿ ತಿರುಗುವುದಕ್ಕೆ. ನಾಲ್ಕು ಸಲೀಸಾಗಿ ಬಂದವು. ನಾಲ್ಕನೆಯದರಲ್ಲಿ ನಡಿಗೆಯ ಓಲಾಟಕ್ಕೆ ಮೀಸೆ ಕೆಳಗೆ ಬಿದ್ದಿತ್ತು. ತಿರುಗುವುದು ಮಾತ್ರ ಏನು ಮಾಡಿದರೂ ಬರಲೊಲ್ಲದು. ಹದಿನಾರು ಚೌಕದಲ್ಲಿ ಗುಂಡಿಯ ಮುಖ ಯಾವುದು, ಬೆನ್ನು ಯಾವುದು? ಸ್ವೆಟರ್ ಕಾರ್ಖಾನೆಯಲ್ಲಿ ಒಂದು ಪದ್ಧತಿಯಿತ್ತು. ವಿನ್ಯಾಸದ ಒಂದು ಸಾಲು ಹೊಳೆಯದಿದ್ದರೆ ಅದನ್ನು ಖಾಲಿ ಬಿಡುತ್ತಿರಲಿಲ್ಲ, ಮೇಲಿನ ಸಾಲನ್ನೇ ಇನ್ನೊಮ್ಮೆ ಬರೆದು ಮುಂದೆ ಹೋಗುತ್ತಿದ್ದರು. ಹೆಣಿಗೆಯ ಲೆಕ್ಕ ತಪ್ಪಬಾರದಲ್ಲ. ಇದಕ್ಕೆ 'ಸಾಲು ಹಿಡಿಯುವುದು' ಎನ್ನುತ್ತಿದ್ದರು. ಹೊಳೆದ ಮೇಲೆ ಬಂದು ತಿದ್ದಬೇಕು. ಅವಳ ಕೈ ಹಳೇ ಅಭ್ಯಾಸದಂತೆ ಸಾಲು ಹಿಡಿಯಿತು. ನಾಲ್ಕನೇ ಹಾಳೆಯನ್ನೇ ಎರಡು ಸಲ ನಕಲಿಳಿಸಿ ಐದು, ಆರು ಎಂದು ಅಂಕಿ ಹಾಕಿದಳು. ನಾಳೆ ತಿದ್ದಿದರಾಯಿತು ಎಂದುಕೊಂಡು ಏಳುವಷ್ಟರಲ್ಲಿ ಹೆರಿಗೆ ನೋವು ಕಾಣಿಸಿಕೊಂಡಿತು. ನಾಳೆ ಎಂದವರ ಮನೆ ಹಾಳು ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಮಗಳಿಗೆ ಮೂರು ತಿಂಗಳಾದ ಮೇಲೆ ಅವಳು ಕಚೇರಿಗೆ ಬಂದಾಗ ಆಟ ಊರೆಲ್ಲ ಹಬ್ಬಿತ್ತು. ಯಜಮಾನರು ಅವಳನ್ನು ಕೋಣೆಗೆ ಕರೆದು ಪರದೆಯ ಮೇಲೆ ಹುಳವನ್ನು ತೋರಿಸಿದರು. ಅದು ಅಂಚಿಗೆ ಬಂತು, ಒಂದೇ ಚಿತ್ರ ಮೂರು ಸಲ ಬಂದದ್ದಕ್ಕೆ ಮೀಸೆ ಇಳಿಬಿಟ್ಟು ನಿಂತ ಹಾಗೆ ಕಂಡಿತು, ಆಮೇಲೆ ತಿರುಗಿತು. "ನೋಡಮ್ಮ, ಇಷ್ಟು ಜನ ಇಷ್ಟೆಲ್ಲ ಬರೆದ್ರು. ಜೀವ ಇರೋದು ಇದೊಂದಕ್ಕೆ. ಭಯ ಅಂದ್ರೆ ಏನು ಅಂತ ಬಲ್ಲೋರು ಬರೆದಿರೋದು ಇದು. ನೀನು ಇಲ್ಲೇ ಇರು" ಎಂದರು. ಉಳಿದಿಬ್ಬರು ಹೆಂಗಸರು ಕಾರ್ಖಾನೆಗೆ ಮರಳಿದರು, ಅವಳು ಉಳಿದಳು. ಹೇಳಿಬಿಡಬೇಕೆಂದು ಬಾಯಿ ತೆರೆದಳು. ಯಜಮಾನರ ಕಣ್ಣು ಆ ಹುಳದ ಮೇಲೆ ಹೇಗೆ ನೆಟ್ಟಿತ್ತೆಂದರೆ, ಮಾತು ಗಂಟಲಲ್ಲೇ ಉಳಿಯಿತು. ಯಜಮಾನರು ಹೋಗಿ ಹನ್ನೊಂದು ವರ್ಷವಾಯಿತು. ಮಾತು ಮಾತ್ರ ಇನ್ನೂ ಅಲ್ಲೇ ಇತ್ತು.

ಆರನೇ ಭಾಗಕ್ಕೆ ತಂಡದ ಮುಖ್ಯಸ್ಥೆಯಾಗಿ ಬಂದವಳು ಹುಳದಕ್ಕನ ಮಗಳ ವಾರಗೆಯವಳು. ಎಲ್ಲರ ಬಾಯಲ್ಲಿ 'ಹೊಸ ಮೇಡಂ'. ಕೆಟ್ಟವಳಲ್ಲ, ಆದರೆ ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು. ಅವಳ ಆಟವೂ ಹಾಗೆಯೇ. ಕೊಡೆಹುಡುಗಿ ಈಗ ಮೊದಲಿನ ಎರಡರಷ್ಟು ವೇಗವಾಗಿ ಓಡುತ್ತಿದ್ದಳು. ಶುಕ್ರವಾರ ಅವಳು ಹುಳದಕ್ಕನ ಮೇಜಿನ ಬಳಿ ಬಂದು, ಕೂರದೆ, ನಿಂತಲ್ಲೇ ಹೇಳಿದಳು.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ಹುಳ ಅಂಚಲ್ಲಿ ನಿಲ್ಲುತ್ತಲ್ಲ, ಅದನ್ನ ತೆಗೆದುಬಿಡೋಣ ಅಂತಿದೀನಿ. ಈಗಿನೋರು ಕಾಯಲ್ಲ. ಓಟಕ್ಕೆ ಅಡ್ಡ ಬರುತ್ತೆ."

"ಅದು... ಮೊದಲಿಂದ ಇದೆಯಲ್ಲಮ್ಮ."

"ಮೊದಲಿಂದ ಇದೆ ಅನ್ನೋದು ಕಾರಣ ಅಲ್ಲ ಅಲ್ವಾ ಅಕ್ಕ? ಸೋಮವಾರ ಎಲ್ಲರೂ ಕೂರೋಣ. ಅದು ಯಾಕೆ ನಿಲ್ಲುತ್ತೆ ಅಂತ ನೀವೇ ಹೇಳಿ. ಸರಿಯಾದ ಕಾರಣ ಇದ್ರೆ ಇರಲಿ. ಇಲ್ಲಾಂದ್ರೆ ತೆಗೀತೀನಿ."

ನ್ಯಾಯವಾದ ಮಾತೇ. ಒಂದು ಕಾರಣ ಕೊಟ್ಟರೆ ಹುಳ ಉಳಿಯುತ್ತದೆ. ಇಪ್ಪತ್ತಾರು ವರ್ಷ ಅವಳನ್ನು ಈ ಕಟ್ಟಡದಲ್ಲಿ ಉಳಿಸಿದ ಹುಳ, ಅವಳ ಹತ್ತಿರ ಕೇಳಿದ್ದು ಒಂದೇ ಒಂದು ಕಾರಣ. ಅದು ಅವಳಲ್ಲಿ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಅವಳ ಗಂಡ ಕಿಟಕಿಯ ಬಳಿ ಕೂತು ಕೈಗಡಿಯಾರವೊಂದನ್ನು ಬಿಚ್ಚಿಕೊಂಡಿದ್ದ. ಅವನದು ಗಡಿಯಾರ ರಿಪೇರಿ. ಕಣ್ಣಿಗೆ ಸಿಕ್ಕಿಸಿಕೊಂಡ ಮಸೂರವನ್ನು ತೆಗೆಯದೆ ಕೇಳಿದ.

"ಏನೇ ಇದು, ಎರಡು ದಿನದಿಂದ ನೋಡ್ತಾ ಇದೀನಿ, ಮುಖ ಹರಳೆಣ್ಣೆ ಕುಡಿದ ಹಾಗಿದೆ?"

ಅವಳು ಹೇಳಿಬಿಟ್ಟಳು. ಸಾಲು ಹಿಡಿದದ್ದು, ಹೆರಿಗೆ ನೋವು, ಯಜಮಾನರ ಮಾತು, ಎಲ್ಲ. ಹೇಳುತ್ತ ಹೇಳುತ್ತ ಅತ್ತಳು. ಅವನು ಮಸೂರ ತೆಗೆದು ಅವಳನ್ನೇ ನೋಡಿದ.

"ಅಲ್ವೇ, ಪಕ್ಕದ ಮನೆ ಗುಟ್ಟು ನಿನ್ನ ಹತ್ರ ಒಂದು ಗಂಟೆ ನಿಲ್ಲಲ್ಲ. ಇದನ್ನ ಇಪ್ಪತ್ತಾರು ವರ್ಷ ಹೊಟ್ಟೇಲಿ ಇಟ್ಕೊಂಡಿದ್ಯಾ?"

"ತಮಾಷೆ ಮಾಡ್ಬೇಡಿ ರೀ. ನಾಳೆ ನಾನು ಏನು ಹೇಳ್ಲಿ?"

"ನನಗೇನು ಗೊತ್ತು? ನಿನಗೂ ಗೊತ್ತಿಲ್ಲ ಅಂತೀಯ. ಗೊತ್ತಿರೋದು ಹುಳಕ್ಕೆ ತಾನೆ? ಅದನ್ನೇ ಕೇಳು."

ತಮಾಷೆಗೆ ಅಂದದ್ದು. ಆದರೆ ಅಂದವನೇ ಎದ್ದು ಹೋಗಿ, ಕಿಟಕಿಯಾಚೆಯ ಹೂಕುಂಡವನ್ನು ಎತ್ತಿದ. ಕುಂಡದ ಅಡಿಯ ತೇವದಲ್ಲಿ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದಾದ ಕರಿ ಜೀರುಂಡೆಯೊಂದು ಬೆಳಕಿಗೆ ಬೆಚ್ಚಿ ಓಡತೊಡಗಿತ್ತು. ಅವನು ಅದನ್ನು ಕಾಗದದ ಮೇಲೆ ಹತ್ತಿಸಿಕೊಂಡು ತಂದು ಊಟದ ಮೇಜಿನ ನಡುವೆ ಬಿಟ್ಟ. ಹುಳದಕ್ಕ ಕುರ್ಚಿಯ ಮೇಲೆ ಕಾಲು ಎಳೆದುಕೊಂಡು ಕಿರುಚಿದಳು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಇಂಥವರಿಗೇ. ದಿನಾ ನೀರು ಹಾಕುವ ಕುಂಡದ ಕೆಳಗೇ ವಾಸವಾಗಿದ್ದ ಜೀವವನ್ನು ಅವಳು ಒಮ್ಮೆಯೂ ನೋಡಿರಲಿಲ್ಲ.

"ತಗೋ" ಎಂದು ಅವನು ಮಸೂರ ಕೊಟ್ಟ. "ನಿನ್ನ ಮನೆದೇವ್ರನ್ನ ಒಂದು ಸಲ ಸರಿಯಾಗಿ ನೋಡು."

ಒಂದು ಕಣ್ಣು ಮುಚ್ಚಿ, ಇನ್ನೊಂದಕ್ಕೆ ಮಸೂರ ಹಿಡಿದು ಅವಳು ಬಾಗಿದಳು. ಮೊದಲು ಮೈಯೆಲ್ಲ ಮುಳ್ಳೆದ್ದಿತು. ಆಮೇಲೆ ಅವಳಿಗೆ ತಾನು ಹೆದರಬೇಕು ಎನ್ನುವುದೇ ಮರೆತುಹೋಯಿತು. ಅವಳ ಗುಂಡಿಯಂತೆ ಅದು ಬರೀ ಕಪ್ಪಲ್ಲ. ಬೆನ್ನಿನ ಮೇಲೆ ಸಣ್ಣ ಸಣ್ಣ ಗೀರುಗಳು, ಬಾಚಣಿಗೆಯಲ್ಲಿ ಎಳೆದಷ್ಟು ನೇರ. ಗೀರುಗಳ ನಡುವೆ ನೇರಳೆ, ಹಸಿರು, ತಾಮ್ರದ ಬಣ್ಣ ಹೊಳೆದು ಮಾಯವಾಗುತ್ತಿದ್ದವು. ಆರು ಕಾಲುಗಳಲ್ಲಿ ಯಾವಾಗಲೂ ಮೂರು ನೆಲದ ಮೇಲೆ, ಮೂರು ಗಾಳಿಯಲ್ಲಿ. ಈ ಕಡೆಯ ಮುಂದಿನದು, ಹಿಂದಿನದು, ಆ ಕಡೆಯ ನಡುವಿನದು. ಮೂರು ಇಟ್ಟು ಮೂರು ಎತ್ತುವುದು. ಎಲ್ಲೂ ತಡವರಿಕೆಯಿಲ್ಲ. ಇದನ್ನು ಯಾರು ಕಲಿಸಿದರು? ಒಂದೊಂದು ಕಾಲಿನ ತುದಿಗೂ ಎರಡೆರಡು ಕೊಕ್ಕೆ, ಗಂಡನ ಗಡಿಯಾರದೊಳಗಿನ ಯಾವ ಭಾಗಕ್ಕಿಂತಲೂ ಚಿಕ್ಕವು.

ಹುಳ ಮೇಜಿನ ಅಂಚಿನ ಕಡೆಗೆ ಓಡಿತು. ಅವಳು ಮಸೂರದ ಜೊತೆ ಮೇಜಿನ ಸುತ್ತ ಸರಿದಳು. ಅಂಚು ಬಂತು.

ಹುಳ ನಿಂತಿತು.

ಮುಂದಿನ ಎರಡು ಕಾಲು ಅಂಚಿನ ಮೇಲೆ. ಮೀಸೆ ಎರಡೂ ಕೆಳಗಿಳಿದವು, ಮೇಜು ಇಲ್ಲದ ಜಾಗವನ್ನು ಮುಟ್ಟಿದವು. ಗಾಳಿಯನ್ನು ತಡವಿ ನೋಡಿದವು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಅಷ್ಟು ಹೊತ್ತು ಅದರ ಮೈಯಲ್ಲಿ ಬೇರೆ ಏನೂ ಅಲುಗಲಿಲ್ಲ. ಇಲ್ಲಿಗೆ ಲೋಕ ಮುಗಿಯಿತು ಎಂದು ಖಾತ್ರಿ ಮಾಡಿಕೊಂಡ ಮೇಲೆ ಅದು ಮೆಲ್ಲಗೆ ತಿರುಗಿತು.

ಹುಳದಕ್ಕ ನೆಲದ ಮೇಲೆ ಕೂತುಬಿಟ್ಟಳು. ಅವಳು ಗೊತ್ತಿಲ್ಲದೆ, ಕೈತಪ್ಪಿ, ಅವಸರದಲ್ಲಿ ಮಾಡಿದ್ದನ್ನು ಈ ಜೀವ ಕೋಟಿ ವರ್ಷಗಳಿಂದ ತಿಳಿದೇ ಮಾಡುತ್ತ ಬಂದಿತ್ತು. ತಾನು ಯಾರು, ತನ್ನ ಕೈ ಯಾರದು ಎಂದು ಅವಳಿಗೆ ತಿಳಿಯದಾಯಿತು. ಕೈ ಮುಗಿಯಬೇಕೆನಿಸಿತು, ಯಾರಿಗೆ ಎಂದು ಗೊತ್ತಾಗಲಿಲ್ಲ.

"ಏನಂತೆ?" ಗಂಡ ಕೇಳಿದ.

"ಇದೂ ನಿಲ್ಲುತ್ತೆ ರೀ." ಅವಳ ದನಿ ಪಿಸುಗುಟ್ಟುವಷ್ಟು ಇಳಿದಿತ್ತು. "ನನ್ನದಕ್ಕಿಂತ ಎಷ್ಟೋ ಹೊತ್ತು ನಿಲ್ಲುತ್ತೆ."

"ಮತ್ತಿನ್ನೇನು, ಕಾರಣ ಸಿಕ್ತಲ್ಲ! ನಿಜವಾದ ಹುಳ ನೋಡಿ ಬರೆದೆ ಅನ್ನು. ಯಾರು ಬಂದು ಪ್ರಮಾಣ ಮಾಡಿಸ್ತಾರೆ?"

ಸುಲಭದ ದಾರಿ. ಇಡೀ ಮಧ್ಯಾಹ್ನ ಅವಳು ಆ ಮಾತನ್ನು ಬಾಯಲ್ಲಿ ಹೊರಳಿಸಿ ನೋಡಿದಳು. ಕಿಟಕಿಯ ಬಳಿ, ಗಡಿಯಾರದ ಬಿಡಿಭಾಗ ಇಡುವ ಗಾಜಿನ ಮುಚ್ಚಳದ ಡಬ್ಬಿಯಲ್ಲಿ ಜೀರುಂಡೆ ಒದ್ದೆ ಮಣ್ಣಿನ ಮೇಲೆ ಕೂತಿತ್ತು. ಅದರೆದುರು ಸುಳ್ಳು ಹೇಳಲು ಅವಳಿಗೆ ನಾಚಿಕೆಯಾಯಿತು. ಕೇಳಿದರೆ ನಗುತ್ತೀರಿ, ಆದರೆ ಇದ್ದದ್ದು ಹಾಗೆ.

ಸೋಮವಾರ ಉದ್ದನೆಯ ಮೇಜಿನ ಸುತ್ತ ಎಂಟು ಜನ ಕೂತಿದ್ದರು. ಹೊಸ ಮೇಡಂ ಯಥಾಪ್ರಕಾರ ನಿಂತಿದ್ದಳು. ಮೂಲೆಯಲ್ಲಿ ಮೇಷ್ಟ್ರು. ಮೊದಲು ಶಾಲೆಯಲ್ಲಿ ಗಣಿತ ಹೇಳುತ್ತಿದ್ದು, ಆಮೇಲೆ ಕೋಡ್ ಬರೆಯಲು ಬಂದ ಆ ಮನುಷ್ಯ, ಹುಳದಕ್ಕನ ಹಾಳೆಗಳನ್ನು ಮೊದಲ ಆಟದಲ್ಲಿ ಯಂತ್ರಕ್ಕೆ ತುಂಬಿದವರು. ಹಳೆಯ ತಂಡದಲ್ಲಿ ಉಳಿದದ್ದು ಅವರಿಬ್ಬರೇ.

"ಹೇಳಿ ಅಕ್ಕ" ಎಂದಳು ಮೇಡಂ. "ಹುಳ ಯಾಕೆ ನಿಲ್ಲುತ್ತೆ?"

ಹುಳದಕ್ಕ ಮಡಿಲಲ್ಲಿದ್ದ ಚೀಲವನ್ನು ಮೇಜಿನ ಮೇಲಿಟ್ಟಳು. ಎದ್ದು ನಿಂತಳು.

"ಕಾರಣ ಇಲ್ಲಮ್ಮ. ಅದು ನನ್ನ ತಪ್ಪು. ತಿರುಗೋ ಚಿತ್ರ ಬರೆಯೋಕೆ ಬರಲಿಲ್ಲ. ನಾಲ್ಕನೇ ಹಾಳೇನೇ ಐದು, ಆರು ಅಂತ ಅಂಕಿ ಹಾಕಿ ಕೊಟ್ಟೆ. ನಾಳೆ ತಿದ್ತೀನಿ ಅಂದ್ಕೊಂಡು ಆಸ್ಪತ್ರೆಗೆ ಹೋದೆ. ಬರೋಷ್ಟರಲ್ಲಿ ಎಲ್ಲರೂ ಹೊಗಳ್ತಾ ಇದ್ರು. ಹೇಳೋಕೆ ಬಾಯಿ ಬರಲಿಲ್ಲ. ಮೇಷ್ಟ್ರೇ, ನಿಮಗೂ ಮೋಸ ಮಾಡಿದೆ. ಕ್ಷಮಿಸಿ."

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಒರೆಸಿದರು, ಒರೆಸಿದರು, ಗಾಜು ಸವೆಯುವಷ್ಟು ಒರೆಸಿದರು.

"ಮೋಸ ಏನಮ್ಮ ಮೋಸ" ಎಂದರು ಕೊನೆಗೆ. "ಒಂದೊಂದು ಚೌಕಾನೂ ನಾನೇ ತುಂಬಿದ್ದು. ಮೂರು ಹಾಳೆ ಒಂದೇ ಅಂತ ನನಗೆ ಗೊತ್ತಾಗಲ್ವಾ? ಅವತ್ತೇ ಗೊತ್ತಾಯ್ತು. ನಿನ್ನ ಕೇಳೋಣ ಅಂದ್ರೆ ಆಸ್ಪತ್ರೇಲಿದ್ದೆ. ಸರಿ, ಹೇಗೆ ಕಾಣುತ್ತೋ ನೋಡೋಣ ಅಂತ ಓಡಿಸಿದೆ. ಹುಳ ಬಂತು, ಅಂಚಲ್ಲಿ ನಿಂತ್ಕೊಂಡ್ತು. ನನಗೆ ಮೈ ಜುಮ್ ಅಂತು ಕಣಮ್ಮ. ತೆಗೆಯೋಕೆ ಕೈ ಬರಲಿಲ್ಲ."

"ಮತ್ತೆ ನನಗೆ ಯಾಕೆ ಹೇಳಲಿಲ್ಲ ಮೇಷ್ಟ್ರೇ?"

"ಹೇಳಿದ್ರೆ ನೀನು ತಿದ್ದಿಬಿಡ್ತಿದ್ಯಲ್ಲ!"

ಎಂಟು ಜನರಲ್ಲಿ ಯಾರೋ ಫಕ್ಕನೆ ನಕ್ಕರು, ಹಿಂದೆಯೇ ಎಲ್ಲರೂ. ಹುಳದಕ್ಕ ಅಳುತ್ತಲೇ ನಕ್ಕಳು. ಇಪ್ಪತ್ತಾರು ವರ್ಷ ಒಂದೇ ಗೋಡೆಯ ಆಚೆಗೊಬ್ಬರು ಈಚೆಗೊಬ್ಬರು ಕೂತು, ಅವರಿಗೆ ಗೊತ್ತಾದೀತು ಎಂದು ಅವಳೂ, ಅವಳು ತಿದ್ದಿಯಾಳು ಎಂದು ಅವರೂ ಉಸಿರು ಬಿಗಿಹಿಡಿದು ಬದುಕಿದ್ದರು.

ಹೊಸ ಮೇಡಂ ಮಾತ್ರ ನಗಲಿಲ್ಲ. ಅವಳಿಗೆ ಪಾಪ ಎನಿಸಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು. ಆದರೂ ಹೇಳಿದಳು, "ನೀವು ನಿಜ ಹೇಳಿದ್ದು ದೊಡ್ಡದು ಅಕ್ಕ. ಆದ್ರೆ... ಕಾರಣ ಇಲ್ಲ ಅಂದಂಗಾಯ್ತು ಅಲ್ವಾ?"

"ನನ್ನ ಹತ್ರ ಇಲ್ಲಮ್ಮ. ಇದರ ಹತ್ರ ಇದೆ."

ಹುಳದಕ್ಕ ಚೀಲದಿಂದ ಡಬ್ಬಿ ತೆಗೆದಳು. ಮುಚ್ಚಳ ಬಿಚ್ಚಿ, ಜೀರುಂಡೆಯನ್ನು ತನ್ನ ಬೆರಳಿಗೆ ಹತ್ತಿಸಿಕೊಂಡು ಮೇಜಿನ ಮೇಲೆ ಇಳಿಸಿದಳು.

ಕುರ್ಚಿಗಳು ಹಿಂದೆ ಸರಿದವು, ಆಮೇಲೆ ಮುಂದೆ ಬಂದವು. ಜೀರುಂಡೆ ಸ್ವಲ್ಪ ಹೊತ್ತು ಕದಲಲಿಲ್ಲ. ಆಮೇಲೆ ಮೂರು ಇಟ್ಟು ಮೂರು ಎತ್ತಿ ಓಡಿತು. ಕಾಗದಗಳ ಪಕ್ಕದಲ್ಲಿ ಹಾದು, ಪೆನ್ನೊಂದನ್ನು ಬಳಸಿ, ಹೊಸ ಮೇಡಂ ನಿಂತ ಕಡೆಯ ಅಂಚಿಗೆ ನೇರವಾಗಿ ನಡೆಯಿತು. ಅಂಚಿಗೆ ಬಂದು ನಿಂತಿತು. ಮೀಸೆ ಇಳಿಬಿಟ್ಟಿತು.

ಆಟಕ್ಕೆಂದು ಸಾವಿರ ಸಾವಿರ ಶತ್ರುಗಳನ್ನು ಬೀಳಿಸಿದ್ದ ಜನ ಒಂದು ಹುಳವನ್ನು ನೋಡುತ್ತ ಕೂತಿದ್ದರು. ಅದು ನಿಂತೇ ಇತ್ತು. ಹುಳದಕ್ಕನ ಹುಳ ಇಷ್ಟರಲ್ಲಿ ಹತ್ತು ಸಲ ತಿರುಗಿ ಹೋಗುತ್ತಿತ್ತು. ಇದು ಮಾತ್ರ ಇಡೀ ಆಳವನ್ನು ಮೀಸೆಯಲ್ಲಿ ಅಳೆಯುತ್ತ, ಯಾರ ಅವಸರವೂ ತನಗೆ ಸಂಬಂಧವಿಲ್ಲ ಎನ್ನುವಂತೆ ನಿಂತಿತ್ತು. ಒಂದು ಮುಂಗಾಲು ಅಂಚಿನಾಚೆ ಜಾರಿತು.

ಯಾರೋ ಉಸಿರೆಳೆದುಕೊಂಡ ಸದ್ದು. ಹುಳದಕ್ಕ ತಲೆಯೆತ್ತಿ ನೋಡಿದಳು. ಹೊಸ ಮೇಡಂ ನೆಲದ ಮೇಲೆ ಮೊಣಕಾಲೂರಿ ಕೂತಿದ್ದಳು. ಅವಳು ಕೂತದ್ದನ್ನು ಆ ಕಚೇರಿಯಲ್ಲಿ ಯಾರೂ ಅದುವರೆಗೆ ನೋಡಿರಲಿಲ್ಲ. ಎರಡೂ ಅಂಗೈ ಜೋಡಿಸಿ ಮೇಜಿನ ಅಂಚಿನ ಕೆಳಗೆ, ಹುಳದ ನೇರಕ್ಕೆ ಒಡ್ಡಿದ್ದಳು.

ಜೀರುಂಡೆ ಕಾಲನ್ನು ಒಳಗೆಳೆದುಕೊಂಡಿತು. ಇನ್ನೊಮ್ಮೆ ತಡವಿ ನೋಡಿತು. ತಿರುಗಿತು.

ಅದು ಮೇಜಿನ ನಡುವಿಗೆ ಮರಳಿ ಬರುವವರೆಗೂ ಅವಳು ಕೈ ತೆಗೆಯಲಿಲ್ಲ.